ನೆರೆಯವರ ಧರ್ಮ, ನೆರೆಯವರ ಮತ
(ಚಿಕ್ಕೋಡಿ ಭಾಗದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ನಮಗೂ ಜೈನ ಬಾಂಧವರಿಗೂ ತಲೆಮಾರುಗಳ ನೆರೆಹೊರೆಯಿದೆ. ಆದರೆ ಇಂದು ನಮ್ಮ ಚಹಾದಂಗಡಿಗಳಲ್ಲಿ ಅವರ ಕುರಿತು ಒಂದೇ ತೀರ್ಪು ಕೇಳಿಬರುತ್ತದೆ: 'ಅವರೆಲ್ಲ ಬಿಜೆಪಿಯವರು.' ಈ ತೀರ್ಪನ್ನು ನಾವು ಪರೀಕ್ಷಿಸಬೇಕಾಗಿದೆ.

ಮಾತು ಪೂರ್ಣ ಸುಳ್ಳಲ್ಲ. 2021ರಲ್ಲಿ ಪ್ರಕಟವಾದ ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಯಲ್ಲಿ ದೇಶದ ಜೈನರ ಪೈಕಿ ಶೇ. 70ರಷ್ಟು ಮಂದಿ ಬಿಜೆಪಿಯೇ ತಮಗೆ ಹತ್ತಿರದ ಪಕ್ಷವೆಂದರು. ಹಿಂದೂಗಳಲ್ಲಿ ಈ ಪ್ರಮಾಣ ಶೇ. 44. ನೆರೆಮನೆಗೆ ಮುಸ್ಲಿಮರು ಬೇಡವೆಂದ ಜೈನರು ಶೇ. 54. ಈ ಅಂಕಿಗಳು ನಮ್ಮನ್ನು ನೋಯಿಸುತ್ತವೆ. ಆದರೆ ನೋವು ವಿವೇಕವನ್ನು ನುಂಗಬಾರದು.

ಧರ್ಮವೊಂದು ಪಕ್ಷವೊಂದರೊಡನೆ ಬೆಸೆದುಕೊಳ್ಳುವುದು ಅದರ ಬೋಧನೆಯಿಂದಲೇ? ಅಮೆರಿಕದ ಮೋರ್ಮನರ ಚರಿತ್ರೆ ಬೇರೆಯೇ ಉತ್ತರ ಕೊಡುತ್ತದೆ. 1830ರಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಈ ಪಂಥದವರನ್ನು ಹೊರಗಟ್ಟಬೇಕು, ಇಲ್ಲವೇ ನಿರ್ಮೂಲಗೊಳಿಸಬೇಕೆಂದು 1838ರಲ್ಲಿ ಮಿಸೌರಿಯ ರಾಜ್ಯಪಾಲನೇ ಆಜ್ಞೆ ಹೊರಡಿಸಿದ್ದನು. 1856ರಲ್ಲಿ ರಿಪಬ್ಲಿಕನ್ ಪಕ್ಷವು ಅವರ ಬಹುಪತ್ನಿತ್ವವನ್ನು ಗುಲಾಮಗಿರಿಯ ಸಾಲಿನಲ್ಲಿಟ್ಟು ಅನಾಗರಿಕವೆಂದು ಖಂಡಿಸಿತ್ತು. ಅವರು 1890ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟರು. 1970ರ ದಶಕದ ನಂತರ ಕುಟುಂಬ, ಗರ್ಭಪಾತ ಮುಂತಾದ ಪ್ರಶ್ನೆಗಳು ಅವರನ್ನು ಅದೇ ರಿಪಬ್ಲಿಕನ್ ಪಕ್ಷದ ಭದ್ರ ಬೆಂಬಲಿಗರನ್ನಾಗಿಸಿದವು. ಕಾಲ ಬದಲಾಯಿತು.

ಆ ನಂಟೂ ಕಬ್ಬಿಣದ ಸರಪಳಿಯಲ್ಲ. 2015ರ ಡಿಸೆಂಬರಿನಲ್ಲಿ ಡೊನಾಲ್ಡ್ ಟ್ರಂಪ್ ಮುಸ್ಲಿಮರಿಗೆ ಅಮೆರಿಕದ ಬಾಗಿಲು ಮುಚ್ಚಬೇಕೆಂದಾಗ, ಮೋರ್ಮನ್ ಚರ್ಚ್ ಎಲ್ಲ ಧರ್ಮಗಳ ಸ್ವಾತಂತ್ರ್ಯದ ಪರವಾಗಿ ಹೇಳಿಕೆ ನೀಡಿತು. ಮರುವರ್ಷ ಮೋರ್ಮನರ ನಾಡಾದ ಯೂಟಾದಲ್ಲಿ ಟ್ರಂಪ್ ಗೆದ್ದರಾದರೂ ಅರ್ಧದಷ್ಟು ಮತಗಳು ಅವರಿಗೆ ಬೀಳಲಿಲ್ಲ.

ಈಗ ನಮ್ಮ ನೆಲಕ್ಕೆ ಬರೋಣ. 1899ರಲ್ಲಿ ನಿಪ್ಪಾಣಿ ಸಮೀಪದ ಸ್ತವನಿಧಿಯಲ್ಲಿ ದಕ್ಷಿಣ ಭಾರತ ಜೈನ ಸಭೆ ಹುಟ್ಟಿತು. ಅದರ ಮುಂದಾಳುಗಳಲ್ಲೊಬ್ಬರಾದ ಅಣ್ಣಾಸಾಹೇಬ ಲಠ್ಠೆಯವರು ಶಾಹು ಮಹಾರಾಜರ ಒಡನಾಡಿ. ಬ್ರಾಹ್ಮಣೇತರ ಚಳವಳಿಯ ನಾಯಕ. 1937ರ ಮುಂಬಯಿ ಕಾಂಗ್ರೆಸ್ ಸರ್ಕಾರದ ಹಣಕಾಸು ಸಚಿವ. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, ಎಲ್ಲ ಜಾತಿಯ ಮಕ್ಕಳನ್ನು ಒಂದೇ ವಸತಿಗೃಹದಲ್ಲಿ ಕೂಡಿಸಿದ ಕರ್ಮವೀರ ಭಾವೂರಾವ್ ಪಾಟೀಲರೂ ಜೈನರೇ. ಇತ್ತೀಚೆಗೆ, 2023ರ ವಿಧಾನಸಭಾ ಚುನಾವಣೆಯಲ್ಲಿ, ನಿಪ್ಪಾಣಿಯಲ್ಲಿ ಬಿಜೆಪಿಗೆ ನೇರ ಪೈಪೋಟಿ ನೀಡಿ ಎರಡನೆಯ ಸ್ಥಾನ ಪಡೆದವರು ಬೋರಗಾಂವದ ಜೈನ ಮನೆತನದ ಉತ್ತಮ ಪಾಟೀಲರು. ಹೀಗಿರುವಾಗ 'ಅವರೆಲ್ಲ' ಎಂಬ ಮಾತು ನಿಲ್ಲುವುದೆಲ್ಲಿ?

ಗೋರಕ್ಷಣೆ, ಸಸ್ಯಾಹಾರ, ವ್ಯಾಪಾರದ ಹಿತ, ಬಹುಸಂಖ್ಯಾತರೊಡನೆ ಇರುವ ನೆಮ್ಮದಿ ಇವು ಅವರನ್ನು ಆ ಪಕ್ಷದತ್ತ ಸೆಳೆದಿರಬಹುದು. ಆದರೆ ನಮ್ಮ ಮೇಲಿನ ಭಯವೂ ಸೆಳೆದಿದ್ದರೆ, ಅದನ್ನು ಕಳೆಯುವುದು ನಮ್ಮಿಂದಲೂ ಆಗಬೇಕಾದ ಕೆಲಸ.

2023ರ ಜುಲೈನಲ್ಲಿ ಚಿಕ್ಕೋಡಿ ತಾಲೂಕಿನ ಹಿರೇಕೋಡಿಯ ಆಚಾರ್ಯ ಕಾಮಕುಮಾರ ನಂದಿ ಮಹಾರಾಜರ ಕ್ರೂರ ಹತ್ಯೆ ನಡೆಯಿತು. ಹಣದ ವ್ಯವಹಾರವೇ ಕಾರಣವೆಂದು ಪೊಲೀಸರು ಹೇಳಿದರು. ಬಂಧಿತರಾದ ಇಬ್ಬರು ಬೇರೆ ಬೇರೆ ಧರ್ಮದವರು. ಆದರೂ ಆರೋಪಿಯ ಹೆಸರಿನಲ್ಲಿ ಧರ್ಮ ಹುಡುಕುವವರಿಗೆ ಕೊರತೆಯಿರಲಿಲ್ಲ. ಅಂಥ ಘಳಿಗೆಯಲ್ಲಿ ಬಸದಿಯ ಅಂಗಳಕ್ಕೆ ಮೊದಲು ಹೋಗಿ ದುಃಖದಲ್ಲಿ ಪಾಲ್ಗೊಳ್ಳುವವರು ನಾವಾಗಬೇಕು. ಮಹಾವೀರ ಜಯಂತಿಯಂದು ಮಾಂಸದಂಗಡಿ ಮುಚ್ಚಲು ಸರ್ಕಾರದ ಆದೇಶಕ್ಕೇಕೆ ಕಾಯಬೇಕು? ನೆರೆಯವರ ಮನಸ್ಸರಿತು ನಾವೇ ಮುಂದಾಗಬಾರದೇ?

2014ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಜೈನರಿಗೂ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರ ಸ್ಥಾನ ನೀಡಿತು. ಸಂವಿಧಾನದ 30ನೆಯ ವಿಧಿ ಅವರ ಶಾಲೆಗಳನ್ನೂ ನಮ್ಮ ಶಾಲೆಗಳನ್ನೂ ಸಮಾನವಾಗಿ ಕಾಯುತ್ತದೆ. ಇದು ಕೂಡಿ ಕುಳಿತು ಮಾತನಾಡಲು ಸಾಕಷ್ಟು ದೊಡ್ಡ ವಿಷಯ.

ಕೊನೆಯದಾಗಿ, ನಮ್ಮನ್ನೂ ಕೇಳಿಕೊಳ್ಳೋಣ. 'ಮುಸ್ಲಿಮರೆಲ್ಲ ಇಂಥ ಪಕ್ಷಕ್ಕೇ' ಎಂದು ಇತರರು ಬರೆದಿಟ್ಟಾಗ ನಮಗೆ ಅವಮಾನವೆನಿಸುತ್ತದೆ. ಅದೇ ಅಳತೆಗೋಲಿನಿಂದ ನೆರೆಯವರನ್ನು ಅಳೆಯುವುದು ನ್ಯಾಯವಲ್ಲ. ಮತವನ್ನು ಪಕ್ಷಗಳು ಐದು ವರ್ಷಕ್ಕೊಮ್ಮೆ ಕೇಳುತ್ತವೆ. ನೆರೆಹೊರೆಯ ಹಕ್ಕು ಪ್ರತಿದಿನವೂ ನಮ್ಮ ಬಾಗಿಲಲ್ಲಿ ನಿಂತಿರುತ್ತದೆ.