ಟಿಬೆಟ್ಟಿಗೆ ಎಷ್ಟು ರಹದಾರಿ?



ಹೊಳೆನರಸೀಪುರದ ನಿಲ್ದಾಣದಲ್ಲಿ ಮೈಸೂರಿಗೆ ಸಾಮಾನ್ಯ ದರ್ಜೆಯ ಟಿಕೆಟ್ ಕೊಳ್ಳುವಾಗ ಯಾರೂ ನಿಮ್ಮ ಹೆಸರನ್ನು ಕೇಳುವುದಿಲ್ಲ. ಚನ್ನರಾಯಪಟ್ಟಣದವರು 2017ರಿಂದ ತಮ್ಮೂರಿನಲ್ಲೇ ಬೆಂಗಳೂರಿನ ರೈಲು ಹತ್ತುತ್ತಿದ್ದಾರೆ. ದುಡ್ಡು ಕೊಟ್ಟರೆ ಟಿಕೆಟ್, ಟಿಕೆಟ್ ಇದ್ದರೆ ಪ್ರಯಾಣ. ಪ್ರವಾಸವೆಂದರೆ ನಮ್ಮ ಮನಸ್ಸಿನಲ್ಲಿರುವ ಚಿತ್ರ ಇದೇ. ಓದು ಮುಗಿದು ನಾಲ್ಕು ಕಾಸು ಸಂಪಾದನೆಯಾದ ಮೇಲೆ ಹೀಗೆಯೇ ಒಬ್ಬರೇ ಚೀಲ ಹೆಗಲಿಗೇರಿಸಿ ಟಿಬೆಟ್ಟಿಗೂ ಹೊರಟುಬಿಡಬಹುದೆ?

ಆಗುವುದಿಲ್ಲ. ಹಣದ ಮಾತಲ್ಲ ಇದು, ಧೈರ್ಯದ ಮಾತೂ ಅಲ್ಲ. ಹೊರದೇಶದವರು ಟಿಬೆಟ್ಟಿನಲ್ಲಿ ತಮ್ಮ ಪಾಡಿಗೆ ತಾವು ತಿರುಗಾಡುವುದಕ್ಕೆ ಚೀನಾ ಸರಕಾರದ ನಿಯಮಗಳು ಅವಕಾಶ ಕೊಡುವುದಿಲ್ಲ. ಪ್ರವಾಸದ ಕಾರ್ಯಕ್ರಮ ಮೊದಲೇ ಗೊತ್ತಾಗಿರಬೇಕು. ಪರವಾನಗಿ ಪಡೆದ ಪ್ರವಾಸ ಸಂಸ್ಥೆಯೊಂದು ಅದನ್ನು ಏರ್ಪಡಿಸಬೇಕು. ಮಾರ್ಗದರ್ಶಿ ಜೊತೆಗಿರಬೇಕು.

ದಾಖಲೆಗಳನ್ನು ಹಂತಹಂತವಾಗಿ ನೋಡೋಣ. ಮೊದಲನೆಯದು ನಮ್ಮ ಪಾಸ್‌ಪೋರ್ಟ್. ಎರಡನೆಯದು ಚೀನಾದ ವೀಸಾ. ಬೇರೆ ದೇಶಗಳಾದರೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯಿತು. ಟಿಬೆಟ್ಟಿಗೆ ಮಾತ್ರ ಮೂರನೆಯದೊಂದು ಬೇಕು. ಅದು ಲ್ಹಾಸಾದ ಪ್ರವಾಸೋದ್ಯಮ ಇಲಾಖೆ ಕೊಡುವ ಪ್ರವೇಶ ಪರ್ಮಿಟ್. ಇದಕ್ಕೆ ನೀವು ಸ್ವತಃ ಅರ್ಜಿ ಹಾಕುವಂತಿಲ್ಲ, ನಿಮ್ಮ ಪರವಾಗಿ ಸಂಸ್ಥೆಯೇ ಹಾಕಬೇಕು. ಲ್ಹಾಸಾ ಬಿಟ್ಟು ಶಿಗಾತ್ಸೆ, ಎವರೆಸ್ಟ್ ಬುಡದ ಕಡೆಗೆ ಹೋಗಬೇಕೆಂದರೆ ಪೋಲೀಸರ ಇನ್ನೊಂದು ಅನುಮತಿ. ಕೈಲಾಸ ಪರ್ವತವಿರುವ ಪಶ್ಚಿಮದ ಙಾರಿ ಪ್ರಾಂತಕ್ಕಾದರೆ ಸೈನ್ಯದ ಅನುಮತಿಯೂ ಸೇರುತ್ತದೆ. ಕಠ್ಮಂಡುವಿನ ಮೂಲಕ ಹೋಗುವವರಿಗೆ ವೀಸಾ ಪಾಸ್‌ಪೋರ್ಟಿನಲ್ಲಿ ಅಚ್ಚಾಗುವುದಿಲ್ಲ. ಇಡೀ ಗುಂಪಿಗೆ ಒಂದೇ ಹಾಳೆಯ ಮೇಲೆ ಬರುತ್ತದೆ. ಆ ಗುಂಪಿನೊಡನೆಯೇ ಹೋಗಬೇಕು, ಅದರೊಡನೆಯೇ ಹೊರಬರಬೇಕು. ಒಬ್ಬನಿಗೆ ಜ್ವರ ಬಂದು ಹಿಂದಿರುಗಬೇಕಾದರೆ ಏನು ಪಾಡೆಂಬುದನ್ನು ನೀವೇ ಊಹಿಸಿಕೊಳ್ಳಿ!

ಇಷ್ಟೆಲ್ಲ ಕೈಗೆ ಬಂದರೂ ಕಾಲ ಕೂಡಿಬರಬೇಕು. ಸಾಮಾನ್ಯವಾಗಿ ಪ್ರತಿ ವರ್ಷ ಫೆಬ್ರವರಿ ಕೊನೆಯಿಂದ ಮಾರ್ಚ್ ಮುಗಿಯುವವರೆಗೆ ಹೊರದೇಶದವರಿಗೆ ಟಿಬೆಟ್ಟಿನ ಬಾಗಿಲು ಮುಚ್ಚಿರುತ್ತದೆ. 1959ರಲ್ಲಿ ಲ್ಹಾಸಾದಲ್ಲಿ ಜನ ದಂಗೆಯೆದ್ದದ್ದು ಮಾರ್ಚ್ ತಿಂಗಳಿನಲ್ಲಿ. ದಲೈ ಲಾಮಾ ಅವರು ಭಾರತಕ್ಕೆ ಹೊರಟದ್ದೂ ಆ ದಿನಗಳಲ್ಲೇ. ಆದ್ದರಿಂದ ಏಜೆಂಟರಿಗೆ ಮುಂಗಡ ಕಟ್ಟುವವರು ಪರ್ಮಿಟ್ ಸಿಗದಿದ್ದರೆ ಹಣ ವಾಪಸು ಎಷ್ಟು ಬರುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಬಾಯಿಮಾತು ಸಾಲದು.

ಇನ್ನು ರೈಲು. 2006ರ ಜುಲೈ 1ರಂದು ಗೋಲ್ಮುಡ್‌ನಿಂದ ಲ್ಹಾಸಾದವರೆಗಿನ 1,142 ಕಿಲೋಮೀಟರ್ ಮಾರ್ಗ ತೆರೆದಾಗ ಟಿಬೆಟ್ಟಿಗೆ ಮೊದಲ ಬಾರಿ ರೈಲು ಬಂದಿತು. ಶೀನಿಂಗ್ ನಗರದಿಂದ ಲೆಕ್ಕ ಹಾಕಿದರೆ 1,956 ಕಿಲೋಮೀಟರ್, ಸುಮಾರು ಒಂದು ಹಗಲು ಒಂದು ರಾತ್ರಿಯ ದಾರಿ. ತಂಗ್ಗುಲಾ ಕಣಿವೆಯಲ್ಲಿ ಹಳಿ 5,072 ಮೀಟರ್ ಎತ್ತರಕ್ಕೆ ಏರುತ್ತದೆ. ನಮ್ಮ ಹಾಸನ ಸಮುದ್ರಮಟ್ಟದಿಂದ ಸಾವಿರ ಮೀಟರ್ ಕೂಡ ಇಲ್ಲ, ಹೋಲಿಸಿ ನೋಡಿ. ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಬೋಗಿಗಳೊಳಗೆ ಆಮ್ಲಜನಕ ಬಿಡುವ ಏರ್ಪಾಡಿದೆ. ಸುಮಾರು 550 ಕಿಲೋಮೀಟರ್ ದೂರ ಹಳಿಯ ಕೆಳಗಿರುವುದು ಸದಾ ಹೆಪ್ಪುಗಟ್ಟಿದ ನೆಲ. ಅದು ಕರಗಿದರೆ ಹಳಿ ಕುಸಿಯುತ್ತದೆ. ಅದಕ್ಕಾಗಿ ಮಾರ್ಗದ ಪಕ್ಕದಲ್ಲಿ ಅಮೋನಿಯಾ ತುಂಬಿದ ಕೊಳವೆಗಳನ್ನು ನೆಟ್ಟು, ನೆಲದ ಶಾಖವನ್ನು ಹೊರಕ್ಕೆ ಎಳೆಯುತ್ತಾರೆ. ಇಂಜಿನಿಯರಿಂಗ್ ಓದುವವರು ಇದೊಂದನ್ನು ವಿವರವಾಗಿ ತಿಳಿದುಕೊಳ್ಳಬೇಕು.

ಆದರೆ ಇಲ್ಲಿ ಟಿಕೆಟ್ಟೊಂದೇ ಸಾಲದು. ಟಿಕೆಟ್ ನಿಮ್ಮ ಪಾಸ್‌ಪೋರ್ಟ್ ಸಂಖ್ಯೆಯ ಮೇಲೆ ಕೊಡುತ್ತಾರೆ. ರೈಲು ಹತ್ತುವ ಮುನ್ನ ಪರ್ಮಿಟ್ಟಿನ ಪ್ರತಿಯನ್ನು ತೋರಿಸಬೇಕು. ವಿಮಾನವಾದರೆ ಮೂಲಪ್ರತಿಯೇ ಬೇಕು.

ನಮ್ಮವರ ಮಟ್ಟಿಗೆ ಟಿಬೆಟ್ ಎಂದರೆ ಮೊದಲು ನೆನಪಾಗುವುದು ಕೈಲಾಸ, ಮಾನಸ ಸರೋವರ. ಇಲ್ಲಿಗೆ ನಮ್ಮ ವಿದೇಶಾಂಗ ಸಚಿವಾಲಯವೇ 1981ರಿಂದ ಯಾತ್ರೆ ಏರ್ಪಡಿಸುತ್ತ ಬಂದಿದೆ. ಹಳೆಯ ದಾರಿ ಉತ್ತರಾಖಂಡದ ಲಿಪುಲೇಖ್ ಕಣಿವೆಯದು. 2015ರಲ್ಲಿ ಸಿಕ್ಕಿಮಿನ ನಾಥು ಲಾ ದಾರಿಯೂ ತೆರೆಯಿತು. 2020ರಿಂದ ಐದು ವರ್ಷ ನಿಂತಿದ್ದ ಯಾತ್ರೆ 2025ರ ಬೇಸಿಗೆಯಲ್ಲಿ ಮತ್ತೆ ಆರಂಭವಾಯಿತು. ಆ ವರ್ಷ ಇಡೀ ದೇಶಕ್ಕೆ ಸಿಕ್ಕಿದ್ದು 750 ಜಾಗ, ತಲಾ 50 ಜನರ 15 ತಂಡಗಳು. ವಯಸ್ಸು 18ರಿಂದ 70ರ ಒಳಗಿರಬೇಕು. ಅರ್ಜಿದಾರರಲ್ಲಿ ಯಾರು ಹೋಗಬೇಕೆಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ. ಆಯ್ಕೆಯಾದವರು ವೈದ್ಯಕೀಯ ಪರೀಕ್ಷೆಯಲ್ಲೂ ಪಾಸಾಗಬೇಕು. ಇಲ್ಲಿ ವೀಸಾ, ಅನುಮತಿಗಳ ಹೊಣೆ ಸರಕಾರದ್ದು. ನಮ್ಮ ರಾಜ್ಯದ ಯಾತ್ರಿಕರಿಗೆ ಮುಜರಾಯಿ ಇಲಾಖೆಯ ಸಹಾಯಧನವೂ ಇದೆ. ನನ್ನನ್ನು ಕೇಳಿದರೆ ಹಾಸನದ ಒಬ್ಬ ಪದವೀಧರನಿಗೆ ಇದಕ್ಕಿಂತ ಭದ್ರವಾದ ದಾರಿ ಬೇರೆ ಇಲ್ಲ, ಚೀಟಿಯಲ್ಲಿ ಹೆಸರು ಬಂದರೆ.

ಹೀಗೆ ನಮಗೆ ಕಷ್ಟವಾದರೂ ದಾರಿಯುಂಟು. ಆದರೆ ಆ ದೇಶ ಯಾರ ತವರೋ ಅವರ ಸ್ಥಿತಿಯೇನು? ಅವರು ದೂರದಲ್ಲೇನೂ ಇಲ್ಲ. ಅರಕಲಗೂಡಿನಿಂದ ಕೊಣನೂರಿನ ಮೇಲೆ ಕುಶಾಲನಗರ ತಲುಪಿ ಕಾವೇರಿ ದಾಟಿದರೆ ಬೈಲಕುಪ್ಪೆ. 1960ರಲ್ಲಿ ಅಂದಿನ ಮೈಸೂರು ರಾಜ್ಯ ಸರಕಾರ ಸುಮಾರು 3,000 ಎಕರೆ ಕಾಡು ಭೂಮಿಯನ್ನು ನಿರಾಶ್ರಿತರಿಗಾಗಿ ಕೊಟ್ಟಿತು. ಅವರು ಗಿಡಗಂಟಿ ಕಡಿದು, ಆನೆಗಳ ಕಾಟ ತಡೆದು, ಮುಸುಕಿನ ಜೋಳ ಬೆಳೆದರು. ಈಗ ಅಲ್ಲಿರುವವರಲ್ಲಿ ಬಹಳ ಮಂದಿ ಇಲ್ಲಿಯೇ ಹುಟ್ಟಿದವರು, ಕನ್ನಡ ಬಲ್ಲವರು.

ಅವರಲ್ಲಿ ಹೆಚ್ಚಿನವರ ಬಳಿ ಇರುವುದು ಭಾರತ ಸರಕಾರದ ನೋಂದಣಿ ಪತ್ರ. ಹೊರದೇಶಕ್ಕೆ ಹೋಗಬೇಕಾದರೆ ಹಳದಿ ರಟ್ಟಿನ ಒಂದು ಗುರುತು ಪುಸ್ತಿಕೆ. ಅದು ಪಾಸ್‌ಪೋರ್ಟ್ ಅಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಇಲ್ಲಿ ಹುಟ್ಟಿದವರು ಕಾನೂನಿನಂತೆ ಹುಟ್ಟಿನಿಂದಲೇ ಭಾರತೀಯರು. ಆದರೂ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆಯೇ ಅಂಥವರಿಗೆ ಪಾಸ್‌ಪೋರ್ಟ್ ಸಿಗುವ ದಾರಿ ಸುಗಮವಾದದ್ದು. ಉಳಿದವರಿಗೆ ಅಜ್ಜಿಯ ಊರು ನೋಡಿಬರುವುದು ನಿಮಗಿಂತಲೂ ಕಷ್ಟದ ಕೆಲಸ.

ಇನ್ನೊಂದು ಸಂಗತಿ ಕೇಳಿ. ಅನುಮತಿ ಕೇಳುವುದು ಆ ಕಡೆಯ ಸರಕಾರ ಮಾತ್ರವಲ್ಲ. ಹೊರದೇಶದವರು ಬೈಲಕುಪ್ಪೆಯ ಶಿಬಿರಗಳಲ್ಲಿ ತಂಗಬೇಕಾದರೆ ನಮ್ಮ ಕೇಂದ್ರ ಗೃಹ ಸಚಿವಾಲಯದಿಂದ ವಿಶೇಷ ಪರ್ಮಿಟ್ ಪಡೆಯಬೇಕು. ಅದಕ್ಕೆ ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಭಾರತೀಯರಾದ ನಿಮಗೆ ಅದು ಬೇಕಿಲ್ಲ. ಕುಶಾಲನಗರದ ಬಸ್ಸು ಹತ್ತಿದರೆ ಆಯಿತು. ನಾಮ್‌ಡ್ರೋಲಿಂಗ್ ವಿಹಾರದ ಚಿನ್ನದ ಬುದ್ಧಮೂರ್ತಿಗಳ ಮುಂದೆ ಫೋಟೋ ತೆಗೆಸಿಕೊಂಡು ಎಲ್ಲರೂ ಹಿಂದಿರುಗುತ್ತಾರೆ. ನೀವು ಇನ್ನೊಂದು ಗಂಟೆ ಉಳಿದು ಒಳಗಿನ ಹಳ್ಳಿಗಳ ಕಡೆ ನಡೆಯಿರಿ. ಹಿರಿಯರು ಯಾರಾದರೂ ಸಿಕ್ಕರೆ, ಯಾವ ವರ್ಷ, ಯಾವ ಕಣಿವೆ ದಾಟಿ ಬಂದಿರೆಂದು ವಿನಯದಿಂದ ಕೇಳಿ. ಆ ಪ್ರಯಾಣಕ್ಕೆ ಅವರ ಕೈಯಲ್ಲಿ ಯಾವ ಪರ್ಮಿಟ್ಟೂ ಇರಲಿಲ್ಲ.