ಕುದುರೆಮುಖದ ಹಕ್ಕು ಯಾರದು?

(ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವುವೆಂದು ತಾವು ಮಕ್ಕಳಿಗೆ ಭೂಗೋಳದ ಪಾಠದಲ್ಲಿ ಹೇಳಿಕೊಡುತ್ತೀರಿ. ಮೊದಲೆರಡು ಹೊಳೆಗಳು ಮೂಡಣಕ್ಕೆ ಹರಿದು ಕೂಡಲಿಯಲ್ಲಿ ಒಂದಾಗಿ ಬಯಲುಸೀಮೆಗೆ ನೀರುಣಿಸುತ್ತವೆ. ಮೂರನೆಯದು ಪಡುಗಡಲನ್ನು ಸೇರುತ್ತದೆ. ಆ ಕುದುರೆಮುಖ ಸೀಮೆಯ ನೆಲದೊಳಗೆ ಕಬ್ಬಿಣವಿದೆ. ನೆಲದ ಮೇಲೆ ದಟ್ಟಡವಿಯೂ ಸಿಂಗಳೀಕವೂ ಇವೆ. ಎಲ್ಲಕ್ಕೂ ಮಿಗಿಲಾಗಿ ಮನುಷ್ಯರಿದ್ದಾರೆ. ಮಲೆಕುಡಿಯರು, ಗೌಡಲು ಮೊದಲಾದ ಆ ಜನರ ಮಾತನ್ನು ಕೇಳಿದವರು ವಿರಳ.

ಅಲ್ಲಿಯ ಅದಿರನ್ನು 1913ರಲ್ಲಿ ಮೈಸೂರಿನ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ಯರು ಗುರುತಿಸಿದರು. ಇರಾನಿನೊಡನೆ ಮಾಡಿಕೊಂಡ ಒಪ್ಪಂದದ ಮೇರೆಗೆ 1976ರಲ್ಲಿ ಸರಕಾರದ ಗಣಿ ಕಂಪನಿ ಸ್ಥಾಪಿತವಾಯಿತು. 1979ರ ಕ್ರಾಂತಿಯಿಂದ ಆ ಒಪ್ಪಂದ ಮುರಿದರೂ ಗಣಿ ನಡೆಯಿತು. ಅರೆದ ಅದಿರನ್ನು ನೀರಿನೊಡನೆ 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಘಟ್ಟವಿಳಿಸಿ ಮಂಗಳೂರಿಗೆ ಕಳುಹಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿತು. ಸಾವಿರಾರು ಜನರಿಗೆ ಕೆಲಸ ದೊರೆಯಿತೆಂಬುದನ್ನು ಮರೆಯಲಾಗದು. ಗುಡ್ಡದ ಮಣ್ಣು ಮಳೆಗಾಲದಲ್ಲಿ ಭದ್ರೆಗೆ ಇಳಿಯಿತೆಂಬುದನ್ನೂ ಮರೆಯಲಾಗದು.

1987ರಲ್ಲಿ ಸುಮಾರು 600 ಚದರ ಕಿಲೋಮೀಟರು ಅಡವಿಯನ್ನು ರಾಷ್ಟ್ರೀಯ ಉದ್ಯಾನವಾಗಿಸುವ ಪ್ರಕಟನೆ ಹೊರಟಿತು. ಕೆ. ಎಂ. ಚಿಣ್ಣಪ್ಪನವರ ಹೆಸರಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರ್ 30ರಂದು ತೀರ್ಪಿತ್ತಿತು. 2005ರ ಕೊನೆಗೆ ಗಣಿ ನಿಂತಿತು. ಈ ತೀರ್ಪು ನ್ಯಾಯವಾದುದೆಂದೇ ನಮ್ಮ ಮತ. 2012ರಲ್ಲಿ ಈ ಅಡವಿ ವಿಶ್ವಪರಂಪರೆಯ ಪಟ್ಟಿಗೂ ಸೇರಿತು.

ಆದರೆ ಗಣಿ ಬಂದಾಗ ಮಲೆಯವರನ್ನು ಕೇಳಲಿಲ್ಲ. ಉದ್ಯಾನವಾದಾಗಲೂ ಅವರ ಸಮ್ಮತಿ ಪಡೆಯಲಿಲ್ಲ. ಗಣಿಯ ಸದ್ದಡಗಿದ ಮೇಲೆ ಪ್ರವಾಸಿಗಳ ಸದ್ದು ಎದ್ದಿದೆ. ಶಿಖರವೇರುವವರಿಗೆ ಅರಣ್ಯ ಇಲಾಖೆ ಅನುಮತಿಯನ್ನೂ ದಿನಕ್ಕೆ ಇಷ್ಟೇ ಜನರೆಂಬ ಮಿತಿಯನ್ನೂ ಇಟ್ಟಿರುವುದು ಒಳ್ಳೆಯದೇ. ಮೂರು ದಿನದ ವಿಹಾರಕ್ಕೆ ಬರುವವನಿಗೆ ದಾರಿ ತೆರೆದು, ಮೂರು ತಲೆಮಾರು ಬಾಳಿದವನಿಗೆ ಊರು ಬಿಡೆನ್ನುವುದು ಯಾವ ನ್ಯಾಯ?

ಕಾನೂನು ಇಲ್ಲಿ ಮೂಕವಾಗಿಲ್ಲ. 2006ರ ಅರಣ್ಯಹಕ್ಕು ಕಾಯಿದೆಯು, ಹಕ್ಕುಗಳ ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಒಕ್ಕಲೆಬ್ಬಿಸಕೂಡದೆನ್ನುತ್ತದೆ. ಬೇಡಿಕೆಯನ್ನು ಮೊದಲು ನೋಡುವ ಅಧಿಕಾರ ಗ್ರಾಮಸಭೆಯದು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ನೆಲೆಸಿದ್ದರೆ ಸಾಕು. ಇತರರು ಆ ದಿನಕ್ಕೆ 75 ವರ್ಷ ಹಿಂದಿನಿಂದಲೂ ಅಡವಿಯ ವಾಸವನ್ನು ತೋರಿಸಬೇಕು. 1930ರ ಕಾಗದವನ್ನು ಬಡ ಒಕ್ಕಲಿಗನು ಎಲ್ಲಿಂದ ತಂದಾನು? ಆದುದರಿಂದಲೇ ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯವೆಂದು ನಿಯಮಗಳು ಒಪ್ಪಿವೆ.

ನಾವು ಕೇಳುವುದು ಮೂರೇ ಸಂಗತಿ. ಮೊದಲನೆಯದಾಗಿ, ಹಕ್ಕಿನ ಬೇಡಿಕೆಗಳು ಇತ್ಯರ್ಥವಾಗಲಿ. ಹೊರಹೋಗುವ ಮಾತು ಒಕ್ಕಲಿನ ಸ್ವಂತ ಇಚ್ಛೆಯಿಂದ ಮಾತ್ರ ಬರಲಿ. ಎರಡನೆಯದಾಗಿ, ಪ್ರವಾಸದ ಉತ್ಪನ್ನದಲ್ಲಿ, ಅಂದರೆ ದಾರಿ ತೋರುವುದು, ಊಟ, ವಸತಿಗಳಲ್ಲಿ, ಮಲೆಯವರಿಗೆ ಮೊದಲ ಪಾಲು ಸಲ್ಲಲಿ. ಜನರ ಮಿತಿಯನ್ನು ಗೊತ್ತುಮಾಡುವಾಗ ಅವರೂ ಕೂಡಲಿ. ಮೂರನೆಯದಾಗಿ, ಮೂರು ಹೊಳೆಗಳ ನೆತ್ತಿಯಲ್ಲಿ ಗಣಿ ಮತ್ತೆ ತಲೆಯೆತ್ತದಿರಲಿ.

ಉಪಾಧ್ಯಾಯ ಬಂಧುಗಳೆ, ಓದು ಬಲ್ಲ ತಮ್ಮಿಂದ ಒಂದು ಉಪಕಾರವಾಗಬೇಕು. ಆ ಸೀಮೆಯ ಶಾಲೆಗಳಲ್ಲಿರುವವರು ಬಿಡುವಿನ ವೇಳೆ ಹಿರಿಯರ ಬಳಿ ಕುಳಿತು, ಯಾರ ಅಜ್ಜ ಎಲ್ಲಿ ಮನೆ ಕಟ್ಟಿದನು, ಯಾವ ಗದ್ದೆ ಉತ್ತನು ಎಂಬುದನ್ನು ಸ್ಪಷ್ಟ ಕನ್ನಡದಲ್ಲಿ ಬರೆದುಕೊಳ್ಳಲಿ. ಹೇಳಿದವರ ಹೆಬ್ಬೆಟ್ಟಿನ ಗುರುತು ಹಾಕಿಸಿ ಗ್ರಾಮಸಭೆಗೆ ಒಪ್ಪಿಸಲಿ. ಹೇಳಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಈ ಕೆಲಸಕ್ಕೆ ತಡಮಾಡಲು ನಮಗೆ ಅವಕಾಶವಿಲ್ಲ.