ಸ್ಥಾನ ಸಿಕ್ಕಿತು, ಇರುವುದೆಲ್ಲಿ?



ನಾವು ನಗರವಾಸಿಗಳಾದರೂ ನಮ್ಮಲ್ಲಿ ಅನೇಕರ ಮೂಲ ಇಂದಿಗೂ ಹಳ್ಳಿಯಲ್ಲಿದೆ. ಆ ಹಳ್ಳಿಗಳ ಬಡ ವಿದ್ಯಾರ್ಥಿಗೂ ವಿಶ್ವವಿದ್ಯಾಲಯಕ್ಕೂ ನಡುವಿನ ಅಂತರವನ್ನು ಕುರಿತು ಈ ದಿನ ನಾಲ್ಕು ಮಾತು ಹೇಳಬಯಸುತ್ತೇನೆ.

ಕಾನೂನು ತನ್ನ ಪಾಲಿನ ಕೆಲಸವನ್ನು ಒಂದು ಮಟ್ಟಿಗೆ ಮಾಡಿದೆ. ಕಲ್ಯಾಣ ಕರ್ನಾಟಕವನ್ನೇ ನೋಡಿ. 2012ರ 98ನೆಯ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಫಲವಾಗಿ ಅಲ್ಲಿನ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70 ಸ್ಥಾನಗಳು ಆ ಭಾಗದವರಿಗೇ ಮೀಸಲಾಗಿವೆ. ಆದರೆ ಸ್ಥಾನ ದೊರೆತ ಮಾತ್ರಕ್ಕೆ ವಿದ್ಯೆ ದೊರೆಯುವುದಿಲ್ಲ. ಶುಲ್ಕ ವರ್ಷಕ್ಕೊಮ್ಮೆ, ಹಸಿವು ದಿನವೂ. ಮಗ ಪಟ್ಟಣಕ್ಕೆ ಹೊರಟರೆ ಕೂಲಿಕಾರನ ಮನೆಗೆ ಅವನ ಖರ್ಚಿನ ಹೊರೆಯೊಂದು, ತಪ್ಪಿದ ದುಡಿಮೆಯ ನಷ್ಟವಿನ್ನೊಂದು. ಮಗಳಾದರೆ, ಸುರಕ್ಷಿತವಾದ ವಸತಿಯಿಲ್ಲವೆಂಬ ಕಾರಣಕ್ಕೇ ಓದು ಅರ್ಧಕ್ಕೆ ನಿಲ್ಲುತ್ತದೆ.

ಈ ಸತ್ಯವನ್ನು ನೂರು ವರ್ಷಗಳ ಹಿಂದೆಯೇ ಕಂಡುಕೊಂಡವರು ನಮ್ಮವರೇ ಆದ ಕರ್ಮವೀರ ಭಾವುರಾವ್ ಪಾಟೀಲರು. ಕೊಲ್ಲಾಪುರದ ಕುಂಭೋಜದಲ್ಲಿ 1887ರಲ್ಲಿ ಜೈನ ಮನೆತನದಲ್ಲಿ ಹುಟ್ಟಿದ ಅವರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಾತಾರದಲ್ಲಿ ಅವರು ತೆರೆದ ವಿದ್ಯಾರ್ಥಿನಿಲಯದಲ್ಲಿ ಎಲ್ಲ ಜಾತಿಗಳ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಂಡರು. ಆ ಮಕ್ಕಳ ಊಟಕ್ಕಾಗಿ ಅವರ ಪತ್ನಿ ಲಕ್ಷ್ಮೀಬಾಯಿಯವರು ಮೈಮೇಲಿನ ಒಡವೆಗಳನ್ನು, ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು. 1947ರಲ್ಲಿ ಸಾತಾರದಲ್ಲೇ ಕಾಲೇಜು ಆರಂಭವಾದಾಗ, ದುಡಿಯುತ್ತ ಕಲಿಯುವ ಏರ್ಪಾಡಿನಿಂದ ಬಡ ರೈತರ ಮಕ್ಕಳು ಪದವಿ ತರಗತಿಯ ಮೆಟ್ಟಿಲು ಹತ್ತಿದರು. ಬಡವನ ಮಗನಿಗೆ ಪಾಠಶಾಲೆಯಷ್ಟೇ ಪಾಕಶಾಲೆಯೂ ಅಗತ್ಯವೆಂಬುದನ್ನು ಆ ದಂಪತಿಗಳು ಅರಿತಿದ್ದರು.

ನಮ್ಮ ಆಚಾರ್ಯರು ಆಹಾರ, ಅಭಯ, ಔಷಧ, ಶಾಸ್ತ್ರಗಳೆಂದು ದಾನವನ್ನು ನಾಲ್ಕು ಬಗೆಯಾಗಿ ಹೇಳಿದ್ದಾರೆ. ಬಡ ವಿದ್ಯಾರ್ಥಿಗೆ ನೆಲೆ ಕೊಟ್ಟು ಓದಿಸಿದವನಿಗೆ ಈ ನಾಲ್ಕೂ ಒಂದೇ ಸೂರಿನಡಿ ಸಲ್ಲುತ್ತವೆ. ಆದರೆ ನಮ್ಮ ದಾನದ ಹಣ ಹೆಚ್ಚಾಗಿ ಹರಿಯುತ್ತಿರುವುದು ಎತ್ತ? ಸವಾಲಿನಲ್ಲಿ ಏರುವ ಕಲಶದ ಬೆಲೆಗೆ, ಮೆರವಣಿಗೆಗೆ, ಅಮೃತಶಿಲೆಗೆ. ಪೂಜೆ ಬೇಡವೆಂದು ನಾನು ಹೇಳುತ್ತಿಲ್ಲ. ಪಾಲು ಬದಲಾಗಲಿ ಎನ್ನುತ್ತಿದ್ದೇನೆ.

ನನ್ನ ಬಿನ್ನಹ ಎರಡು. ಮೊದಲನೆಯದು, ಪ್ರತಿ ಪಂಚಕಲ್ಯಾಣದ ಸಂಗ್ರಹದಲ್ಲಿ ಹತ್ತರಲ್ಲೊಂದು ಪಾಲು ಹಳ್ಳಿಯ ಮಕ್ಕಳ ವಸತಿಗೆ, ಅದರಲ್ಲೂ ಹೆಣ್ಣುಮಕ್ಕಳ ವಸತಿಗೆ ಮೀಸಲಾಗಲಿ. ಎರಡನೆಯದು ಕಠಿಣ: ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ಕೆಲವು ಕೊಠಡಿಗಳಾದರೂ ಜಾತಿ ಕೇಳದೆ ತೆರೆಯಲಿ. ಅಡುಗೆ ಸಾತ್ವಿಕವಾಗಿಯೇ ಇರಲಿ. ಉಣ್ಣುವವನ ಕುಲ ವಿಚಾರಿಸುವುದು ಬೇಡ. ಭಾವುರಾಯರ ಹೆಸರನ್ನು ಹೆಮ್ಮೆಯಿಂದ ಹೇಳುವ ನಾವು ಅವರು ಹಾಕಿದ ಪಂಕ್ತಿಯಲ್ಲಿ ಕೂರಲು ಹಿಂಜರಿದರೆ, ಆ ಹೆಮ್ಮೆಗೆ ಅರ್ಥವಿಲ್ಲ.